ದನಾನಾ, ದಿನಾನಾ?

ನಾನು ಓದು ಬಿಟ್ಟದ್ದು ೧೯೫೬ರಲ್ಲಿ, ಹೈಸ್ಕೂಲಿನ ಎರಡನೇ ವರ್ಷದಲ್ಲಿ. ಫೇಲಾಗಿ ಬಿಟ್ಟವನಲ್ಲ. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದಿದ್ದೆ, ಆ ಮಾತು ಈಗ ಬೇಡ. ಬೆಳಿಗ್ಗೆ ಎದ್ದು ಮುಖ ತೊಳೆದು, ಕೆಲಸಕ್ಕೆ ಹೋಗ್ತೀನಿ ಅಂತ ಹೊಸ್ತಿಲು ದಾಟುವ ಗಂಡಸು ನಮ್ಮ ಮನೆಯಲ್ಲಿ ಒಬ್ಬನೂ ಇಲ್ಲದಂತಾಯಿತು. ಅದಕ್ಕೆ ಬಿಟ್ಟೆ. ಹದಿನೇಳು ತುಂಬಿತ್ತು, ಮೈಯಲ್ಲಿ ಕಸುವಿತ್ತು. ಯಾರೂ ಹೇಳಲಿಲ್ಲ, ನಾನೇ ಹೊರಟೆ.

ಅದೆಲ್ಲ ಹೋದ ತಿಂಗಳು ಒಂದು ವಾಸನೆಯಿಂದ ನೆನಪಾಯಿತು. ನಮ್ಮ ಎದುರುಮನೆಯನ್ನು ಕೆಡವಿ, ನಾಲ್ಕಂತಸ್ತು ಕಟ್ಟೋಕೆ ಅಂತ ಪಾಯ ತೋಡಿದ್ದಾರೆ. ಸಂಜೆ ಒಂದು ಮಳೆ ಬಿತ್ತು. ಬಾಗಿಲಲ್ಲಿ ನಿಂತಿದ್ದವನಿಗೆ ಗಪ್ಪಂತ ಮೂಗಿಗೆ ಹೊಡೆಯಿತು, ಕೆಂಪು ಮಣ್ಣಿನ ವಾಸನೆ. ಅರವತ್ತು ವರ್ಷಕ್ಕೂ ಮೇಲೆ ಆ ಮಣ್ಣು ಸಿಮೆಂಟಿನ ಕೆಳಗೆ ಉಸಿರು ಕಟ್ಟಿಕೊಂಡು ಇತ್ತು. ಅದು ನಮ್ಮ ರಾಗಿ ಹೊಲದ ಮಣ್ಣು. ಅಪ್ಪನಿಗೆ ಅದರ ಒಂದೊಂದು ಹೆಂಟೆಯ ಗುರುತೂ ಇತ್ತು.

ಆಗ ನಮ್ಮ ಶಿವನಹಳ್ಳಿ ಬೆಂಗಳೂರಾಗಿರಲಿಲ್ಲ. ‘ಬೆಂಗಳೂರಿಗೆ ಹೋಗಿ ಬತ್ತೀನಿ’ ಅಂತ ಮನೆಯಲ್ಲಿ ಹೇಳಿ ಹೋಗುವಷ್ಟು ದೂರ. ರಾಜಾಜಿನಗರ ಬೆಳೀತಾ ಬೆಳೀತಾ ನಮ್ಮ ಬದುವಿನವರೆಗೂ ಬಂತು. ಕಾನೂನು ಪ್ರಕಾರವೇ ಬಂತು, ಪರಿಹಾರವೂ ಬಂತು, ನನಗೆ ಯಾರ ಮೇಲೂ ದೂರಿಲ್ಲ. ಆ ಸುಗ್ಗಿಯ ರಾಗಿ ಕೊಯ್ದ ಮೇಲೆ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿದ್ದಾಗಲೇ ಹೊಲದಲ್ಲಿ ಸೈಟು ಕಲ್ಲು ನೆಟ್ಟರು. ಉಳೋಕೆ ಹೊಲ ಇಲ್ಲದ ಮೇಲೆ ಎತ್ತು ಯಾಕೆ ಅಂತ ಜೋಡಿ ಎತ್ತನ್ನೂ ಮಾರಿದೆವು.

ಅಪ್ಪನ ಹೆಸರು ಪಿಳ್ಳಪ್ಪ. ಊರಲ್ಲಿ ಬದುವಿನ ಜಗಳ ಬಂದರೆ ಎರಡು ಕಡೆಯವರೂ ಅಪ್ಪನ ಹತ್ತಿರ ಬರೋರು. ‘ಪಿಳ್ಳಪ್ಪ ಎಲ್ಲಿ ಕಾಲಿಡ್ತಾನೋ ಅದೇ ಬದು’ ಅಂತ ಮಾತಿತ್ತು. ಸ್ವಂತ ತಮ್ಮನಿಗೂ ಒಂದು ಸಲ ವಿರುದ್ಧ ಹೇಳಿದ್ದ. ಮಾತು ಕಡಿಮೆ, ದುಡಿಮೆ ಜಾಸ್ತಿ. ಕೋಳಿ ಕೂಗೋಕೆ ಮುಂಚೆ ಏಳೋನು, ತಣ್ಣೀರಲ್ಲಿ ಮುಖ ತೊಳೆದು ಒಂದು ಚೊಂಬು ಅಂಬಲಿ ಕುಡಿದು ಹೊಲದ ದಾರಿ ಹಿಡಿಯೋನು. ಬಿಸಿಲು ನೆತ್ತಿಗೆ ಬಂದಾಗ ಮುದ್ದೆ, ದೀಪ ಹಚ್ಚುವ ಹೊತ್ತಿಗೆ ಮುದ್ದೆ, ತಲೆ ನೆಲಕ್ಕೆ ಸೋಕಿದರೆ ಗೊರಕೆ. ಅವನಿಗೆ ಜ್ವರ ಬಂದದ್ದು ನಾನು ನೋಡಿರಲಿಲ್ಲ.

ಹೊಲ ಹೋದ ಮೇಲೂ ಕೆಲವು ದಿನ ಅದೇ ಹೊತ್ತಿಗೆ ಎದ್ದ. ಹೋಗಿ ಕಲ್ಲುಗಳ ನಡುವೆ ನಿಂತುಕೊಂಡು ಬರೋನು. ಆಮೇಲೆ ಅದನ್ನೂ ಬಿಟ್ಟು ಜಗಲಿ ಮೇಲೆ ಕೂತುಬಿಟ್ಟ. ಆಷಾಢದಲ್ಲಿ ಮೊದಲ ಹದ ಮಳೆ ಬಿತ್ತು. ಉಳಿದ ಹಳ್ಳಿಗಳಲ್ಲಿ ಎಲ್ಲರೂ ಬಿತ್ತೋಕೆ ಕೂರಿಗೆ ಹೊರಗೆ ತೆಗೆದರು. ಅಪ್ಪ ಎದ್ದು ನಿಂತ, ಗಾಳಿಯನ್ನು ಮೂಸಿದ, ಮತ್ತೆ ಕೂತ. ಆ ಕೂತದ್ದೇ ಕೂತದ್ದು.

ಒಂದು ಬೀಡಿಯ ಬೆಂಕಿಯಿಂದ ಇನ್ನೊಂದು ಹಚ್ಚೋನು. ಹಗಲೆಲ್ಲ ಕಂಬಕ್ಕೆ ಒರಗಿ ತೂಕಡಿಸೋನು, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರೋನು. ಮುದ್ದೆ ಅರ್ಧ ಬಿಡೋನು. ಮುದ್ದೆ ಬಿಡೋದು ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ, ತಟ್ಟೆಯಲ್ಲಿ ಮುದ್ದೆ ಉಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಮೈ ಕಾದಿದೆಯಾ ಅಂತ ಅವ್ವ ದಿನಾ ಹಣೆ ಮುಟ್ಟಿ ನೋಡೋಳು. ಹಣೆ ತಣ್ಣಗೇ ಇರೋದು. ಇದಕ್ಕೆ ಏನು ಹೆಸರು ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮೂರಲ್ಲೇ ಇನ್ನೊಬ್ಬ, ನಮಗಿಂತ ಒಂದು ವರ್ಷ ಮುಂಚೆ ಹೊಲ ಹೋದವನು, ಹಿಂಗೇ ಕೂತಿದ್ದ. ಒಂದು ಮಧ್ಯಾಹ್ನ ಬಾವಿ ಕಡೆ ಹೋದವನು ವಾಪಸ್ ಬರಲಿಲ್ಲ. ಅದಕ್ಕೇ ಅಪ್ಪ ಹಿತ್ತಲ ಬಾವಿ ಕಡೆ ಎದ್ದರೆ ಸಾಕು, ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆ ಹೋಗೋಳು. ‘ಕೊಡಪಾನ ತರೋಕೆ ಬಂದೆ’ ಅನ್ನೋಳು. ಒಂದು ದಿನಕ್ಕೆ ಎಷ್ಟು ಸಲ ಕೊಡಪಾನ ತರೋಕಾಗುತ್ತೆ?

ಅವ್ವನ ತಮ್ಮ ಚೆನ್ನಪ್ಪ ಮಾವ ಸುಂಕದಕಟ್ಟೆಯಿಂದ ಬಂದ. ಬಂದವನೇ, ‘ಅಕ್ಕ, ಇದು ಗಾಳಿ ಸೋಕಿರೋದು ಕಣಕ್ಕ. ತಾವರೆಕೆರೆ ಕಡೆ ಒಬ್ಬವ್ನೆ, ಬೇವಿನ ಸೊಪ್ಪಲ್ಲಿ ನಾಕು ಬಿಗಿದ್ರೆ ದಯ್ಯ ಹಳ್ಳ ದಾಟ್ತದೆ’ ಅಂದ.

‘ದಯ್ಯ ದಾಟ್ತದೋ ನಿಮ್ಮ ಬಾವ ದಾಟ್ತಾರೋ’ ಅಂದಳು ಅವ್ವ. ‘ಒಂದು ತಿಂಗಳು ನೋಡಾನ. ಶ್ರಾವಣ ಕಳೀಲಿ.’

‘ಕಾಯ್ಕಂಡು ಕೂತ್ಕೋ. ಗಂಡ ಬೀಡಿ ಹೊಗೆ ಆಗೋಗ್ಲಿ’ ಅಂತ ಮಾವ ಕೂಗಾಡಿ ಹೋದ. ಅಪ್ಪ ಅಲ್ಲೇ ಕೂತಿದ್ದ. ಅವನನ್ನು ಕುರಿತೇ ಮಾತಾಡಿದರೂ ತಲೆ ಎತ್ತಿ ನೋಡಲಿಲ್ಲ.

ನಾನು ಗಾರೆಯವರ ಹತ್ತಿರ ಕೆಲಸಕ್ಕೆ ಸೇರಿದ್ದೆ. ಗಾರೆ ಬಾಂಡ್ಲಿ ಹೊರೋದು, ಕಟ್ಟಿದ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕೋದು. ಮನೆಗಳು ಏಳ್ತಾ ಇದ್ದದ್ದು ಬೇರೆಲ್ಲೂ ಅಲ್ಲ, ನಮ್ಮ ಹೊಲಗಳ ಮೇಲೇ. ನಮ್ಮ ಹುಣಸೆಮರ ಇದ್ದ ಜಾಗದಲ್ಲಿ ಯಾರದೋ ಅಡುಗೆಮನೆಗೆ ನಾನು ನೀರು ಹಾಕಿದ್ದೀನಿ. ಅದರಲ್ಲಿ ಅಳೋದೇನಿದೆ? ಗೋಡೆ ಚೆನ್ನಾಗಿ ಗಟ್ಟಿಯಾಗಲಿ ಅಂತ ಎರಡು ಕೊಡ ಜಾಸ್ತಿಯೇ ಹಾಕಿದೆ. ಆ ಗೋಡೆ ಇವತ್ತಿಗೂ ಬಿರುಕು ಬಿಟ್ಟಿಲ್ಲ.

ಹಿಂಗಿರುವಾಗ ಬಡಾವಣೆಯ ಒಂದು ಬಾಡಿಗೆ ಮನೆಗೆ ಮೈಸೂರಿನಿಂದ ನರಸಿಂಗರಾಯರು ಬಂದರು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ರಿಟೈರ್ ಆದವರು. ಹೆಂಡತಿ ತೀರಿಕೊಂಡಿದ್ದರು, ಮಗ ಸೊಸೆ ಜೊತೆ ಇದ್ದರು. ತೆಳ್ಳಗೆ, ಬೆಳ್ಳಗೆ, ಹೊಟ್ಟೆ ಮೇಲೆ ಒಂದು ಕೈ ಇಟ್ಟುಕೊಂಡೇ ಮಾತಾಡೋರು. ದಿನಕ್ಕೆ ಏಳೆಂಟು ಲೋಟ ಕಾಫಿ, ಊಟ ಅಂದರೆ ಹೆದರಿಕೆ, ನಿದ್ದೆ ಇಲ್ಲ. ಡಾಕ್ಟರು ಕೈ ಹಿಡಿದು ನೋಡಿ, ‘ನಿಮಗೆ ಔಷಧಿ ಏನೂ ಬೇಡ. ಕಾಫಿ ಎರಡಕ್ಕೆ ಇಳಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಬೆಳಿಗ್ಗೆ ಎದ್ದು ಒಂದು ಗಂಟೆ ನಡೀರಿ’ ಅಂದಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಈಗ ಪಾರ್ಕಿನಲ್ಲಿ ಬೆಳಿಗ್ಗೆ ನೋಡಿ, ಜಾತ್ರೆ. ಕೈ ಬೀಸಿಕೊಂಡು ಸುತ್ತೋದೇ ಸುತ್ತೋದು. ಆಗ ಹಂಗಲ್ಲ. ನಮ್ಮ ಕಡೆ ಬೆಳಗಿನ ಜಾವ ಗಂಡಸು ಬಯಲಲ್ಲಿ ಓಡಾಡಿದರೆ ಅದಕ್ಕೆ ಕಾರಣ ಇರಬೇಕು. ಹೆಗಲ ಮೇಲೆ ನೇಗಿಲಿದ್ದರೆ ಉಳೋಕೆ. ಕೈಯಲ್ಲಿ ಚೊಂಬಿದ್ದರೆ ಅದಕ್ಕೆ. ಎರಡೂ ಇಲ್ಲದೆ, ಪೊದೆ ಸಂದಿ ನೋಡ್ತಾ ಹೋಗಿ, ಬರಿಗೈಲಿ ಹೋದ ದಾರೀಲೇ ವಾಪಸ್ ಬಂದರೆ ಆ ಮನುಷ್ಯ ದನ ಕಳಕೊಂಡಿದ್ದಾನೆ. ನಡೆಯೋದಕ್ಕೋಸ್ಕರ ನಡೆಯೋದು ಅನ್ನೋದನ್ನ ನಮ್ಮೂರಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ರಾಯರು ಕೈಯಲ್ಲಿ ಒಂದು ಬೆತ್ತ, ಕಿವಿ ಬಾಯಿ ಮುಚ್ಚುವ ಹಾಗೆ ಮಫ್ಲರು, ಕಾಲಿಗೆ ಬೂಟು ಹಾಕಿಕೊಂಡು, ನಮ್ಮ ಮನೆ ಮುಂದೆಯೇ ಹೋಗೋರು. ನಾಯಿಗಳಿಗೆ ಹೆದರಿ ಅತ್ತ ಇತ್ತ ನೋಡೋರು. ಶಿವನಹಳ್ಳಿಯ ಕೊನೇ ಮನೆ ತನಕ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಹಂಗೇ ತಿರುಗಿ ಬರೋರು. ಮೂರು ದಿನ ಅಪ್ಪ ಕಂಬಕ್ಕೆ ಒರಗಿಕೊಂಡು ನೋಡಿದ. ನಾಲ್ಕನೇ ದಿನ, ಸೋನೆ ಹನೀತಾ ಇತ್ತು, ನಾನು ಕೆಲಸಕ್ಕೆ ಹೊರಡ್ತಾ ಇದ್ದೆ. ವಾಪಸ್ ಬರ್ತಿದ್ದ ರಾಯರನ್ನ ಅಪ್ಪ ಕೂಗಿದ. ಎಷ್ಟೋ ದಿನದ ಮೇಲೆ ಬಂದ ದನಿ, ಬೀಡಿ ಹೊಗೆಯಲ್ಲಿ ಒಡೆದುಹೋಗಿತ್ತು.

‘ಏನ್ ಸ್ವಾಮಿ, ದನಾನಾ?’

ಮಫ್ಲರಿನೊಳಗಿದ್ದ ಕಿವಿಗೆ ಅದು ‘ದಿನಾನಾ’ ಅಂತ ಕೇಳಿಸಿದೆ. ದಿನಾ ಹಿಂಗೆ ಬರ್ತೀರಾ ಅಂತ ಕೇಳ್ತಾ ಇದಾರೆ ಅಂದುಕೊಂಡರು.

‘ಹೌದೌದು, ದಿನಾನೇ’ ಅಂದರು. ಮಫ್ಲರಿನೊಳಗಿಂದ ಬಂದ ಆ ಮಾತು ಅಪ್ಪನಿಗೆ ‘ದನಾನೇ’ ಅಂತ ಕೇಳಿಸಿತು.

‘ಯಾವತ್ತಿಂದ?’

‘ಸೋಮವಾರದಿಂದ.’

‘ಅಯ್ಯೋ ಶಿವನೇ! ಇವತ್ತಿಗೆ ನಾಕು ದಿನ ಆಯ್ತಲ್ಲ ಸ್ವಾಮಿ. ಒಬ್ರೇ ಅಲೀತಾ ಇದೀರಾ?’

‘ಒಬ್ಬನೇ. ನನ್ನ ಜೊತೆ ಯಾರು ಬರ್ತಾರೆ?’

ಅಪ್ಪ ಎದ್ದು ನಿಂತ. ‘ತಡೀರಿ, ನಾನು ಬತ್ತೀನಿ’ ಅಂದ. ಜಗಲಿ ಇಳಿದು, ಧೂಳು ಹಿಡಿದಿದ್ದ ಚಪ್ಪಲಿಗೆ ಕಾಲು ತೂರಿಸಿದ. ಹೆಗಲ ಮೇಲಿನ ಟವಲು ಕೊಡವಿ ತಲೆಗೆ ಸುತ್ತುತ್ತಾ, ‘ಬಣ್ಣ ಏನು?’ ಅಂದ.

‘ಏನಂದ್ರಿ?’ ರಾಯರು ಮಫ್ಲರು ಸಡಿಲ ಮಾಡಿದರು.

‘ಬಣ್ಣ ಸ್ವಾಮಿ, ದನದ ಬಣ್ಣ! ಬಣ್ಣ ಗೊತ್ತಿಲ್ಲದೆ ಹೆಂಗೆ ಹುಡುಕೋದು?’

ನಾನು ರಾಯರ ಮುಖ ನೋಡ್ತಾ ಇದ್ದೆ. ಅವರ ಕಣ್ಣು ಅಪ್ಪನ ಹಿಂದೆ ಹೊಸ್ತಿಲ ಕಡೆ ಹೋಯಿತು. ಅಲ್ಲಿ ಅವ್ವ ಅಂಬಲಿ ಸೌಟು ಹಿಡಿದವಳು ಹಂಗೇ ನಿಂತುಬಿಟ್ಟಿದ್ದಳು. ಸೌಟಿಂದ ಅಂಬಲಿ ತೊಟ್ಟಿಕ್ತಾ ಇದ್ದದ್ದೂ ಅವಳಿಗೆ ಗೊತ್ತಿರಲಿಲ್ಲ.

‘ಕಂದು’ ಅಂದರು ರಾಯರು. ಸ್ವಲ್ಪ ತಡೆದು, ‘ಹಣೇಲಿ ಬಿಳೀ ಚುಕ್ಕೆ. ಎಡಗೊಂಬು ಒಳಕ್ಕೆ ಬಗ್ಗಿದೆ.’

‘ಗುರುತು ಪಸಂದಾಗಿದೆ. ನಡೀರಿ.’

ಇಬ್ಬರೂ ಮಾಗಡಿ ರಸ್ತೆ ಕಡೆ ಇಳಿದು ಹೋದರು. ಅಪ್ಪ ಮುಂದೆ, ರಾಯರು ಹಿಂದೆ. ಅವತ್ತು ನಾನು ಕೆಲಸಕ್ಕೆ ತಡವಾಗಿ ಹೋಗಿ ಮೇಸ್ತ್ರಿ ಹತ್ತಿರ ಬೈಸಿಕೊಂಡೆ. ಸಂತೋಷವಾಗಿ ಬೈಸಿಕೊಂಡೆ.

ರಾಯರ ಮನೆಯಲ್ಲಿ ದನ ಇಲ್ಲ ಅಂತ ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಪಕ್ಕದ ಸೈಟಿನಲ್ಲೇ ಗೋಡೆಗೆ ನೀರು ಹಾಕ್ತಾ ಇದ್ದೆನಲ್ಲ. ಕೊಟ್ಟಿಗೆ ಇಲ್ಲ, ಗೂಟ ಇಲ್ಲ, ಬೆಳಿಗ್ಗೆ ಹಾಲಿನವಳು ಬಂದು ಅಳೆದು ಕೊಟ್ಟು ಹೋಗ್ತಾಳೆ. ಕಾಂಪೌಂಡಿನ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ.

‘ಸಾರ್, ನಿಮ್ಮ ದನ ಎಲ್ಲಿ ಕಟ್ತಾ ಇದ್ರಿ?’

ರಾಯರು ಸುತ್ತ ನೋಡಿ ದನಿ ತಗ್ಗಿಸಿದರು. ‘ಇಲ್ಲಪ್ಪ, ನನಗೆ ದನ ಇಲ್ಲ. ನಿಮ್ಮ ತಂದೆ ದಿನಾನಾ ಅಂದ್ರು ಅಂತ ನಾನು... ಆಮೇಲೆ ನಿಮ್ಮ ತಾಯಿ ಮುಖ ನೋಡಿದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಾಳೆ ಹೇಳಿಬಿಡ್ತೀನಿ.’

‘ಹೇಳಬೇಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ.’ ಅಪ್ಪ ಕೂತ ಕಥೆ, ಬಾವಿಯ ಕಥೆ ಎಲ್ಲ ಹೇಳಿದೆ. ರಾಯರು ಬೆತ್ತದ ತುದಿಯಲ್ಲಿ ನೆಲ ಕೆರೆದರು.

‘ಮೂವತ್ತು ವರ್ಷ ಹತ್ತೂವರೆ ಗಂಟೆಗೆ ಸರಿಯಾಗಿ ಕುರ್ಚೀಲಿ ಕೂತಿರ್ತಿದ್ದೆ’ ಅಂದರು. ‘ಈಗಲೂ ಹತ್ತೂವರೆ ಆದ್ರೆ ಎದೆ ಡವಡವ ಅನ್ನುತ್ತೆ. ಕೋಟು ಹಾಕ್ಕೊಂಡು ಬಾಗಿಲ ತನಕ ಬಂದು ನಿಂತ್ಕೋತೀನಿ. ಸೊಸೆ ನೋಡಿ ಒಳಗೆ ಹೋಗ್ತಾಳೆ, ಪಾಪ, ಏನೂ ಅನ್ನಲ್ಲ.’ ಆಮೇಲೆ, ‘ಆಗಲಿ. ಹುಡುಕೋಣ’ ಅಂದರು.

ಹಂಗೆ ಶುರುವಾಯಿತು. ಶ್ರಾವಣ ಬಂತು, ಭಾದ್ರಪದ ಬಂತು, ದನ ಮಾತ್ರ ಬರಲಿಲ್ಲ. ಅಪ್ಪ ಮತ್ತೆ ಕೋಳಿ ಕೂಗೋಕೆ ಮುಂಚೆ ಏಳೋಕೆ ಶುರು ಮಾಡಿದ. ‘ಆ ಸ್ವಾಮಿ ಕಾಯ್ತಾ ಇರ್ತಾರೆ, ಬೇಗ ಅಂಬಲಿ ಕೊಡೇ’ ಅನ್ನೋನು. ಒಂದು ದಿನ ಕಾಮಾಕ್ಷಿಪಾಳ್ಯದ ಕಡೆ, ಒಂದು ದಿನ ಹೊಸಹಳ್ಳಿ ತೋಪು, ಕಾಲು ಗಟ್ಟಿಯಾದ ಮೇಲೆ ಸುಂಕದಕಟ್ಟೆ ತನಕ. ಸುಂಕದಕಟ್ಟೆಯಲ್ಲಿ ಒಂದು ದಿನ ಚೆನ್ನಪ್ಪ ಮಾವ ಹಲ್ಲುಜ್ಜುತ್ತಾ ನಿಂತಿದ್ದವನು, ಬರ್ತಾ ಇರೋ ಬಾವನನ್ನು ನೋಡಿ ಬೇವಿನ ಕಡ್ಡಿ ಬಾಯಲ್ಲೇ ಕಚ್ಚಿಕೊಂಡು ಓಡಿಬಂದನಂತೆ.

‘ಬಾವ! ಯಾರು ಬಿಡಿಸಿದ್ದು ದಯ್ಯಾನ?’

‘ದಯ್ಯ ಇಲ್ಲ, ಗಿಯ್ಯ ಇಲ್ಲ. ಕಂದು ದನ, ಎಡಗೊಂಬು ಬಗ್ಗಿರೋದು, ಈ ಕಡೆ ಕಂಡೇನೋ?’

‘ನಿಮಗ್ಯಾಕೆ ಬಾವ ಊರ ಉಸಾಬರಿ?’

‘ಲೇ, ದನ ಕಳ್ಕೊಂಡೋರ ಹೊಟ್ಟೆ ಉರಿ ನಿಂಗೇನೋ ಗೊತ್ತು? ನೀನು ಬರೀ ಬುದ್ಧಿ ಕಳ್ಕೊಂಡಿರೋನು’ ಅಂದನಂತೆ ಅಪ್ಪ. ರಾಯರು ಇದನ್ನು ನನಗೆ ಹೇಳಿ ಹೇಳಿ ನಗೋರು. ಹೊಟ್ಟೆ ಹಿಡಿದುಕೊಂಡು ನಗೋರು, ನೋವಿಗೆ ಹಿಡಿಯೋ ಹಾಗಲ್ಲ.

ದಾರಿಯಲ್ಲಿ ಸಿಕ್ಕವರನ್ನೆಲ್ಲ ಅಪ್ಪ ನಿಲ್ಲಿಸಿ ಕೇಳೋನು. ದನದ ಮಾತು ಮುಗಿದ ಮೇಲೆ ಮಳೆ ಮಾತು, ಬೆಳೆ ಮಾತು, ನಿಮ್ಮ ಹೊಲದಲ್ಲೂ ಕಲ್ಲು ನೆಟ್ರಾ ಅನ್ನೋ ಮಾತು. ಅವನಂಥವರು ಪ್ರತಿ ಹಳ್ಳಿಯಲ್ಲೂ ಒಬ್ಬಿಬ್ಬರು ಜಗಲಿ ಮೇಲೆ ಕೂತಿದ್ದರು. ಒಬ್ಬೊಬ್ಬರ ಹತ್ತಿರ ಒಂದೊಂದು ಗಳಿಗೆ ಕೂತು ಬರೋನು. ವರ್ಷಕ್ಕಾಗುವಷ್ಟು ಮಾತು ಆ ಮೂರು ತಿಂಗಳಲ್ಲಿ ಆಡಿದ.

ರಾಯರ ಮುಂದೆ ಬೀಡಿ ಸೇದೋಕೆ ಅಪ್ಪನಿಗೆ ಸಂಕೋಚ. ‘ಆ ಸ್ವಾಮಿಗೆ ಹೊಗೆ ಆಗಲ್ಲ, ಕೆಮ್ತಾರೆ’ ಅಂತ ಕಟ್ಟನ್ನು ಮನೆಯಲ್ಲೇ ಬಿಟ್ಟು ಹೋಗೋನು. ಬೆಳಿಗ್ಗೆ ಬಿಟ್ಟದ್ದು ಮಧ್ಯಾಹ್ನಕ್ಕೂ ಕಡಿಮೆಯಾಯಿತು. ಅತ್ತ ರಾಯರು ವಾಪಸ್ ಬರುವಾಗ ನಮ್ಮ ಮನೆ ಮುಂದೆ ನಿಲ್ಲೋರು. ಅವ್ವ ಒಂದು ದಿನ ಹೆದರಿ ಹೆದರಿ, ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ, ಉಪ್ಪು, ಕರಿಬೇವು ಹಾಕಿ ಒಂದು ಲೋಟ ತಂದು ಜಗಲಿ ಮೇಲೆ ಇಟ್ಟಳು. ಮಡಿ ಮನೆಯವರು, ಕುಡೀತಾರೋ ಇಲ್ಲವೋ. ರಾಯರು ಬಡಾವಣೆ ಕಡೆ ಒಂದು ಸಲ ನೋಡಿದರು, ಊರ ಕಡೆ ಒಂದು ಸಲ ನೋಡಿದರು, ಲೋಟ ಎತ್ತಿ ಗಟಗಟ ಕುಡಿದುಬಿಟ್ಟರು. ಮಾರನೇ ದಿನ ಅವರೇ, ‘ಅಮ್ಮ, ಅದೇನೋ ನಿನ್ನೆ ಕೊಟ್ರಲ್ಲ...’ ಅಂತ ನಿಂತುಕೊಂಡರು. ಬೆಳಗಿನ ಎರಡು ಕಾಫಿ ಅಲ್ಲಿಗೆ ನಿಂತುಹೋಯಿತು. ಒಂದು ತಿಂಗಳಿಗೆ ಹೊಟ್ಟೆ ಮೇಲಿನ ಕೈಯೂ ಕೆಳಗೆ ಬಂತು.

ದಸರೆ ಹತ್ತಿರ ಬಂದಾಗ ಅಪ್ಪ ಒಂದು ಮುದ್ದೆ ಪೂರ್ತಿ ತಿಂದು, ತಟ್ಟೆ ಮುಂದಕ್ಕೆ ತಳ್ಳಿ, ‘ಇನ್ನೊಂದು ಹಾಕು’ ಅಂದ. ಅವ್ವ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಆ ವಾರವೇ ಒಂದು ದಿನ ಗೊರಕೆಯೂ ಶುರುವಾಯಿತು. ಗೊರಕೆಗೆ ನಿದ್ದೆ ಕೆಟ್ಟರೆ ಹೆಂಗಸರು ಬೈಕೋತಾರೆ. ನಮ್ಮವ್ವ ಎದ್ದು ಕೂತು ಕೇಳಿದಳು.

ಆದರೆ ನನಗೆ ಭಯ ಬಿಟ್ಟಿರಲಿಲ್ಲ. ಸುಳ್ಳಿನ ಮೇಲೆ ನಿಂತ ಗೋಡೆ. ಯಾವ ಗೋಡೆ ಎಷ್ಟು ದಿನ ನಿಲ್ಲುತ್ತೆ ಅಂತ ಗಾರೆ ಕೆಲಸದವನಿಗೆ ಅಂದಾಜು ಇರುತ್ತೆ. ಗೊತ್ತಾದ ದಿನ ಅಪ್ಪ ಮತ್ತೆ ಕೂತರೆ? ಈ ಸಲ ಕೂತರೆ ಎಬ್ಬಿಸೋರು ಯಾರು?

ಪುಷ್ಯ ಬಂದ ಮೇಲೆ ಅಪ್ಪನಿಗೆ ಅವಸರ ಹೆಚ್ಚಾಯಿತು. ನಮ್ಮಲ್ಲಿ ಸಂಕ್ರಾಂತಿ ಸಂಜೆ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕಿಚ್ಚು ಹಾಯಿಸ್ತಾರೆ. ನಮ್ಮ ಮನೆಯಲ್ಲಿ ದನವೇ ಇಲ್ಲದ ಮೊದಲನೇ ಸಂಕ್ರಾಂತಿ. ಅಪ್ಪ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ‘ಸ್ವಾಮಿಯವರ ದನ ಸಂಕ್ರಾಂತಿಗೆ ಮುಂಚೆ ಸಿಗಲೇಬೇಕು’ ಅಂತ ಮಾತ್ರ ಅಂದ. ಹಬ್ಬದ ಹಿಂದಿನ ದಿನ ಕೆಲಸ ಇರಲಿಲ್ಲ, ನಾನು ಮನೆಯಲ್ಲಿದ್ದೆ. ಅಪ್ಪ ಏದುಸಿರು ಬಿಡ್ತಾ ಬಂದ.

‘ಲೋ, ಹಗ್ಗ ತಗೋ! ಸಿಕ್ತು ಕಣೋ! ಹೊಸಹಳ್ಳಿ ಹತ್ರ ದೊಡ್ಡೀಲಿ ಕೂಡಿದಾರೆ. ಕಂದು, ಚುಕ್ಕೆ, ಎಡಗೊಂಬು, ಎಲ್ಲಾ ಹಂಗೇ! ನಡಿ, ಸ್ವಾಮೀನೂ ಕರ್ಕೊಂಡು ಹೋಗಾನ!’

ನಾನು ಹಗ್ಗ ತಗೊಂಡೆ. ರಾಯರ ಮನೆ ಬಾಗಿಲಿಗೆ ಹೋಗಿ ಹೇಳಿದಾಗ ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಮೂವರೂ ಹೊರಟೆವು.

ಬೇಲಿ ಹಾರಿ ಮೇಯುವ ದನಗಳನ್ನು ಹಿಡಿದು ಕೂಡುವ ದೊಡ್ಡಿ ಅದು. ಕಲ್ಲಿನ ಗೋಡೆಯ ಒಳಗೆ ಒಂದು ಮೂಲೆಯಲ್ಲಿ ದನ ನಿಂತಿತ್ತು. ನಾನು ನೋಡಿ ಬೆರಗಾದೆ. ಹೇಳಿ ಮಾಡಿಸಿದ ಹಾಗಿತ್ತು. ರಾಯರು ಹತ್ತಿರ ಹೋಗಿ ಅದರ ಹಣೆ ಮೇಲೆ ಕೈ ಇಟ್ಟು, ‘ಗೌರಿ’ ಅಂದರು, ಮೆಲ್ಲಗೆ. ಅಪ್ಪ ನನ್ನನ್ನು ಮೊಣಕೈಯಲ್ಲಿ ತಿವಿದು, ‘ನೋಡಿದ್ಯಾ?’ ಅನ್ನೋ ಹಾಗೆ ಹುಬ್ಬು ಹಾರಿಸಿದ.

ದೊಡ್ಡಿ ಕಾಯೋನು ಬಂದ. ‘ಯಾರ್ದು ದನ?’

‘ಇವರ್ದು. ಆಷಾಢದಿಂದ ಹುಡುಕ್ತಾ ಇದೀವಿ’ ಅಂದ ಅಪ್ಪ.

‘ಆಷಾಢದಿಂದ? ಇದು ಇಲ್ಲಿಗೆ ಬಂದು ಎರಡು ದಿನ ಆಗಿಲ್ಲ. ಇರ್ಲಿ, ಅವರದೇ ಅಂತ ಹೇಳೋಕೆ ಸಾಕ್ಷಿ ಯಾರು?’

‘ನಾನೇ ಸಾಕ್ಷಿ. ಶಿವನಹಳ್ಳಿ ಪಿಳ್ಳಪ್ಪ ಅಂದ್ರೆ ಯಾರನ್ನ ಬೇಕಾದ್ರೂ ಕೇಳು. ಎಲ್ಲಿ ಒತ್ತಬೇಕು ಹೇಳು.’ ಅಪ್ಪ ಮಸಿಗೆ ಹೆಬ್ಬೆಟ್ಟು ಚಾಚಿದ. ಸ್ವಂತ ತಮ್ಮನಿಗೂ ಸುಳ್ಳು ಸಾಕ್ಷಿ ಹೇಳದ ಹೆಬ್ಬೆಟ್ಟು.

ರಾಯರು ಬಂದು ಆ ಕೈಯನ್ನು ಹಿಡಿದುಕೊಂಡರು. ‘ಗೌಡ್ರೆ, ಒತ್ತಬೇಡಿ. ಇದು ನನ್ನ ದನ ಅಲ್ಲ.’

‘ಸರಿಯಾಗಿ ನೋಡಿ ಸ್ವಾಮಿ! ಎಡಗೊಂಬು ನೋಡಿ!’

‘ನನಗೆ ದನವೇ ಇಲ್ಲ ಗೌಡ್ರೆ. ಅವತ್ತು ನೀವು ದನಾನಾ ಅಂದದ್ದು ನನಗೆ ದಿನಾನಾ ಅಂತ ಕೇಳಿಸ್ತು. ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ರು, ಅದಕ್ಕೆ ಬರ್ತಿದ್ದೆ. ಬಣ್ಣ ಕೇಳಿದಾಗ ನಮ್ಮಜ್ಜನ ಮನೆ ಗೌರಿ ಬಣ್ಣ ಹೇಳಿಬಿಟ್ಟೆ. ಅದು ಸತ್ತು ಐವತ್ತು ವರ್ಷ ಆಯ್ತು.’

ದೊಡ್ಡಿ ಕಾಯೋನು ನಗೋಕೆ ಶುರು ಮಾಡಿದವನು, ಅಪ್ಪನ ಮುಖ ನೋಡಿ ನಿಲ್ಲಿಸಿದ. ಅಪ್ಪ ನನ್ನ ಕಡೆ ತಿರುಗಿದ. ‘ನಿಂಗೊತ್ತಿತ್ತಾ?’

‘ಗೊತ್ತಿತ್ತಪ್ಪ.’

ನನ್ನ ಕೈಯಲ್ಲಿದ್ದ ಹಗ್ಗವನ್ನು ಇಸಕೊಂಡು ಸುತ್ತಿ ಹೆಗಲಿಗೆ ಹಾಕಿಕೊಂಡ. ಒಬ್ಬನೇ ಹೊರಟ. ನಾವಿಬ್ಬರೂ ಹಿಂದೆ ದೂರದಲ್ಲಿ ನಡೆದೆವು. ಮನೆಗೆ ಬಂದಾಗ ಜಗಲಿ ಮೇಲೆ ಅದೇ ಕಂಬಕ್ಕೆ ಒರಗಿ ಕೂತಿದ್ದ. ಬೀಡಿ ಹೊತ್ತಿತ್ತು. ಅವ್ವ ನನ್ನ ಮುಖ ನೋಡಿದಳು. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದವಳು ಈಳಿಗೆ ಮಡಿಸಿಟ್ಟು ಕೊಡಪಾನ ತಗೊಂಡು ಹಿತ್ತಲ ಬಾಗಿಲಲ್ಲಿ ಕೂತಳು.

ಮಾರನೇ ದಿನ ಸಂಕ್ರಾಂತಿ. ಮಂಜು ಎಷ್ಟು ದಟ್ಟವಾಗಿತ್ತು ಅಂದರೆ ಎದುರಿನ ಸೈಟು ಕಲ್ಲು ಕಾಣ್ತಿರಲಿಲ್ಲ. ಕೋಳಿ ಕೂಗಿತು. ಅಪ್ಪ ಏಳಲಿಲ್ಲ. ನಾನು ಎದ್ದು ಒಲೆ ಹತ್ತಿರ ಕೂತೆ, ಅವ್ವ ಅಂಬಲಿ ಕಾಯಿಸಿ ಇಳಿಸಿ, ಮತ್ತೆ ಒಲೆ ಮೇಲಿಟ್ಟಳು. ಸ್ವಲ್ಪ ಬೆಳಕಾದ ಮೇಲೆ ಅಪ್ಪ ಎದ್ದು ಹೋಗಿ ಜಗಲಿ ಮೇಲೆ ಕೂತ ಸದ್ದಾಯಿತು. ಬೆಂಕಿಕಡ್ಡಿ ಗೀರಿದ ಸದ್ದು ಬರುತ್ತೇನೋ ಅಂತ ಇಬ್ಬರೂ ಕಿವಿ ಕೊಟ್ಟು ಕೂತೆವು.

ಬೂಟಿನ ಸದ್ದು ಬಂತು. ಬೆತ್ತದ ಸದ್ದು. ದಿನಾ ನಮ್ಮ ಮನೆ ಮುಂದೆ ನಿಲ್ಲುವ ಜಾಗದಲ್ಲಿ ನಿಂತಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ರಾಯರು ಮಂಜಿನಲ್ಲಿ ನಿಂತಿದ್ದರು. ಅವತ್ತು ಮಫ್ಲರು ಕಿವಿಗೆ ಸುತ್ತಿರಲಿಲ್ಲ, ಕೈಯಲ್ಲಿ ಹಿಡಿದಿದ್ದರು. ಆ ಚಳಿಗೆ ಕಿವಿ ಕೆಂಪಗಾಗಿತ್ತು. ಅಪ್ಪ ನೋಡ್ತಾ ಕೂತ. ಎಲ್ಲೋ ಒಂದು ದನ ಅಂಬಾ ಅಂತು.

‘ಏನ್ ಸ್ವಾಮಿ’ ಅಂದ ಅಪ್ಪ. ‘ದಿನಾನಾ?’

ರಾಯರು ಬೆತ್ತ ಊರಿ ಒಂದು ಹೆಜ್ಜೆ ಮುಂದೆ ಬಂದರು.

‘ಇಲ್ಲ ಗೌಡ್ರೆ, ದನಾನೇ.’

‘ಯಾವ ಬಣ್ಣ?’

‘ಯಾವುದಾದ್ರೂ ಸರಿ.’

ಅಪ್ಪ ಟವಲು ಕೊಡವಿದ. ಒಳಕ್ಕೆ ತಿರುಗಿ, ‘ಎರಡು ಲೋಟ ಅಂಬಲಿ ಬಿಸಿ ಮಾಡಿ ಇಟ್ಟಿರೇ, ಬತ್ತೀವಿ’ ಅಂತ ಕೂಗಿ ಚಪ್ಪಲಿ ಮೆಟ್ಟಿದ. ಅವ್ವ ಕೊಡಪಾನವನ್ನು ಮೂಲೆಗೆ ಬೋರಲು ಹಾಕಿದಳು.

ಆಮೇಲೆ ಅಪ್ಪ ಮತ್ತು ರಾಯರು ಎಷ್ಟೋ ವರ್ಷ ನಡೆದರು. ದಾರಿಯಲ್ಲಿ ಯಾರಾದರೂ ಕೇಳಿದರೆ ಇಬ್ಬರೂ ಒಟ್ಟಿಗೆ ‘ದನ ಹುಡುಕ್ತಾ ಇದೀವಿ’ ಅನ್ನೋರು, ಮುಖದಲ್ಲಿ ನಗು ಇರ್ತಿರಲಿಲ್ಲ. ಹಳ್ಳಿಗಳ ಜಗಲಿ ಮೇಲೆ ಕೂತಿದ್ದವರಲ್ಲಿ ಇಬ್ಬರು ಮೂವರು ಇವರ ಹಿಂದೆ ಸೇರಿಕೊಂಡರು. ರಾಯರು ತೀರಿಕೊಂಡ ಮೇಲೆ ಅಪ್ಪ ಒಬ್ಬನೇ ಹೋಗೋನು, ಆಮೇಲೆ ನಾನು ಜೊತೆಯಾದೆ. ನನ್ನ ಮಗನಿಗೆ ಶುಗರು ಅಂತ ಗೊತ್ತಾದಾಗ ಡಾಕ್ಟರು ಬೇಕಾದಷ್ಟು ಬರೆದು ಕೊಟ್ಟರು. ನಾನು ಅವನನ್ನು ಬೆಳಿಗ್ಗೆ ಎಬ್ಬಿಸಿ, ‘ನಡಿ, ದನ ಹುಡುಕೋಣ’ ಅಂದೆ. ಈಗ ಅವನೇ ಮುಂದೆ ಹೋಗ್ತಾನೆ, ನಾನು ಹಿಂದೆ.

ಓದು ಬಿಟ್ಟವನ ಹತ್ತಿರ ಈಗ ಏನಿದೆ ಅಂತ ಕೇಳಿದರೆ ಇಷ್ಟಿದೆ. ಇದೇ ಶಿವನಹಳ್ಳಿಯಲ್ಲಿ ನಾನೇ ಕಟ್ಟಿದ ಮನೆ ಒಂದು. ಹಿಡಿ ಸವೆದ ಗಾರೆ ಕರಣೆ ಒಂದು. ಗಂಡುಮಕ್ಕಳು ಇಬ್ಬರು, ಮಗಳು ಒಬ್ಬಳು, ಮೊಮ್ಮಕ್ಕಳು ಐದು. ಸ್ವಂತ ಹಲ್ಲು ಹತ್ತೊಂಬತ್ತು. ನೋಯುವ ಮಂಡಿ ಒಂದು, ನೋಯದ್ದು ಒಂದು. ಅಪ್ಪ ಹೆಗಲಿಗೆ ಹಾಕಿಕೊಂಡು ಬಂದ ಹಗ್ಗ ಒಂದು, ಬಾಗಿಲ ಹಿಂದೆ ಮೊಳೆಯಲ್ಲಿದೆ. ಬೆಳಗಿನ ಅಂಬಲಿ ಎರಡು ಲೋಟ. ದನ ಇನ್ನೂ ಸಿಕ್ಕಿಲ್ಲ.